ಭಾನುವಾರಕ್ಕೊಂದು ಸೊಳ್ಳೆ ಬೇಟೆ: ಟಾರ್ಚು, ಸೌಟು, ಹಳೇ ಬ್ರಶ್ಶು ಸಾಕು

ಸಂಜೆ ಆರಾದರೆ ಕಿಟಕಿ ಮುಚ್ಚು, ಕಾಯಿಲ್ ಹಚ್ಚು. ಮಂಗಳೂರಿನಲ್ಲಿ ಮಳೆಗಾಲ ಅಂದರೆ ಇದೇ ಅಲ್ವಾ? ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ನೀವು ಕಾಯಿಲ್ ಹಚ್ಚುವಷ್ಟರಲ್ಲಿ ಅದರ ಊಟ ಮುಗಿದಿರುತ್ತದೆ. ಫಾಗಿಂಗ್ ಹೊಗೆಯೂ ಅಷ್ಟೇ. ಹಾರಾಡುವ ಸೊಳ್ಳೆ ಸಾಯಬಹುದು, ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಹಾಗಾಗಿ ಹುಡುಕಬೇಕಾದ್ದು ಮರಿಯನ್ನು.

ಮೊದಲು ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ. ನಮ್ಮ ಸೆಕೆಗೆ ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಅದು ರೆಕ್ಕೆ ಬರುವ ಮುಂಚೆಯೇ ನಮ್ಮ ಕೈಗೆ ಸಿಗುತ್ತದೆ. ಆರೋಗ್ಯ ಇಲಾಖೆಯವರು ‘ಡ್ರೈ ಡೇ’ ಅನ್ನುವುದು ಇದಕ್ಕೇ. ಬಾರ್ ಬಂದ್ ಅಂದುಕೊಳ್ಳಬೇಡಿ!

ಟಾರ್ಚು, ಸೌಟು, ಬಿಳಿ ಬೋಗುಣಿ, ಹಳೇ ಬ್ರಶ್ಶು ಹಿಡಿದು ಸೀದಾ ತಾರಸಿಗೆ ಹೋಗಿ. ನಮ್ಮಲ್ಲಿ ಹೊಸ ಟ್ಯಾಂಕ್ ಕೂರಿಸಿದವರು ಓವರ್‌ಫ್ಲೋ ಪೈಪಿನ ಬಾಯಿ ಹಾಗೇ ತೆರೆದಿಟ್ಟು ಹೋಗಿದ್ದರು. ಎರಡು ತಿಂಗಳ ಮೇಲೆ ಮುಚ್ಚಳ ತೆಗೆದು ಟಾರ್ಚ್ ಹಾಕಿದೆ. ಮೇಲೆ ಕಸದ ಹಾಗೆ ತೇಲುತ್ತಿದ್ದ ಕಡ್ಡಿಗಳೆಲ್ಲ ಒಮ್ಮೆಲೇ ಒದ್ದಾಡುತ್ತಾ ಕೆಳಗೆ ಇಳಿದವು. ಸುಮ್ನೆ ಎರಡು ನಿಮಿಷ ಕಾದೆ. ಒಂದೊಂದೇ ಮತ್ತೆ ಮೇಲೆ ಬಂದವು, ಉಸಿರಾಡಲು. ಆಗ ಸೌಟಿನಲ್ಲಿ ಎತ್ತಿ ಬೋಗುಣಿಗೆ ಹಾಕಿ ನೋಡಬೇಕು. ಮರಿ ನೀರಿನ ಮೇಲ್ಮೈಗೆ ಅಂಟಿದ ಹಾಗೆ ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್, ಮಲೇರಿಯಾದ್ದು. ತಲೆ ಕೆಳಗಾಗಿ ಓರೆಯಾಗಿ ನೇತಾಡುತ್ತಿದ್ದರೆ ಈಡಿಸ್ ಅಥವಾ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್. ನಮ್ಮ ಟ್ಯಾಂಕಿನವು ಮಲಗಿದ್ದವು. ಆವತ್ತೇ ಪೈಪಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದೆ.

ಮುಂದಿನದು ಹೆಚ್ಚಿನವರು ಬಿಟ್ಟುಬಿಡುವ ಕೆಲಸ: ತಿಕ್ಕುವುದು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಅವು ಅಲ್ಲೇ ಇರುತ್ತವೆ. ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕುತ್ತವೆ. ಮೊದಲ ಮಳೆ ಬಿದ್ದ ಕೂಡಲೇ ಸೊಳ್ಳೆ ಎಲ್ಲಿಂದ ಬಂತು ಅಂತ ಕೇಳುತ್ತೇವಲ್ಲ, ಹೋದ ವರ್ಷದ ಬಕೆಟಿನಿಂದಲೇ ಬಂದಿರಬಹುದು. ಡ್ರಮ್ಮು, ಬಕೆಟ್ಟು, ಹೂಕುಂಡದ ತಟ್ಟೆ ಎಲ್ಲವನ್ನೂ ಬ್ರಶ್ಶಿನಿಂದ ಉಜ್ಜಿ.

ಅಂಗಳದಲ್ಲಿ ಬಗ್ಗಿ ನೋಡಿ. ಅಡಿಕೆ ಹಾಳೆಯ ಮಡಿಕೆ, ತೆಂಗಿನ ಗೆರಟೆ, ಕುಡಿದು ಎಸೆದ ಬೊಂಡ, ಸೌದೆ ಮೇಲಿನ ಟಾರ್ಪಾಲಿನ ಗುಂಡಿ, ಹಳೇ ಟೈರು. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟದವರು ಟ್ಯಾಪಿಂಗ್ (ಮರ ಗೀರಿ ಹಾಲು ತೆಗೆಯುವುದು) ನಿಂತ ಮೇಲೆ ಆ ಹಾಲಿನ ಕಪ್ಪುಗಳನ್ನು ಬೋರಲು ಹಾಕಬೇಕು. ಇಲ್ಲದಿದ್ದರೆ ಒಂದೊಂದು ಮರಕ್ಕೂ ಒಂದೊಂದು ಸೊಳ್ಳೆ ತೊಟ್ಟಿಲು ಕಟ್ಟಿದ ಹಾಗೆ ಆಗುತ್ತದೆ. ಮನೆಯೊಳಗೆ ಫ್ರಿಜ್ಜಿನ ಹಿಂದಿನ ಟ್ರೇ, ಮನಿಪ್ಲಾಂಟ್ ಬಾಟಲಿ ನೋಡಿದರೆ ಮುಗಿಯಿತು.

ಬಾವಿಯನ್ನು ಚೆಲ್ಲಲು ಆಗುವುದಿಲ್ಲ. ಎಲೆ ಬೀಳದ ಹಾಗೆ ಹಾಕುವ ಬಲೆಯ ಕಣ್ಣು ದೊಡ್ಡದು, ಸೊಳ್ಳೆಗೆ ಅದು ಹೆಬ್ಬಾಗಿಲು. ಸಣ್ಣ ಕಣ್ಣಿನ ನೈಲಾನ್ ಪರದೆ ಹಾಕಿ, ಇಲ್ಲವೇ ಗಪ್ಪಿ ಮೀನು ಬಿಡಿ. ಮೀನನ್ನು ಕೆರೆಗೂ ತೋಡಿಗೂ ಮಾತ್ರ ಬಿಡಬೇಡಿ. ಹೊರದೇಶದ ಮೀನು, ಊರ ಮೀನಿಗೆ ಕಷ್ಟ.

ಪಕ್ಕದಲ್ಲಿ ಕಟ್ಟಡ ಏಳುತ್ತಿದೆಯಾ? ನಗರದ ಮಲೇರಿಯಾಕ್ಕೂ ಇಂಥ ಕಡೆ ನಿಂತ ನೀರಿಗೂ ಹಳೇ ನಂಟು. ಜಗಳ ಬೇಡ. ‘ಮೇಸ್ತ್ರಿಯವರೇ, ಸ್ಲ್ಯಾಬಿಗೆ ನೀರು ಕಟ್ಟುವ ಬದಲು ಒದ್ದೆ ಗೋಣಿ ಹಾಸ್ತೀರಾ?’ ಅಂತ ಕೇಳಿ. ಕಾಂಕ್ರೀಟು ಗಟ್ಟಿಯಾಗಲು ಬೇಕಾದ ಕ್ಯೂರಿಂಗೂ ಆಗುತ್ತದೆ. ಲಿಫ್ಟಿನ ಗುಂಡಿಯನ್ನೂ ತೋರಿಸಿ. ಒಪ್ಪದಿದ್ದರೆ ಪಾಲಿಕೆಗೆ ಹೇಳಿ.

ಕೊನೆಗೆ ಲೆಕ್ಕ. ನೀರು ನಿಂತ ಎಷ್ಟು ಪಾತ್ರೆ ನೋಡಿದಿರಿ, ಎಷ್ಟರಲ್ಲಿ ಮರಿ ಸಿಕ್ಕಿತು ಬರೆದಿಡಿ. 20ರಲ್ಲಿ 3 ಅಂದರೆ ಶೇ 15. ಸೊಳ್ಳೆ ಸಂಶೋಧಕರು ಬಳಸುವ ಅಳತೆಗಳಲ್ಲಿ ಇದೂ ಒಂದು. ಆದರೆ ಮರಿ ಕಡಿಮೆಯಾದರೆ ಜ್ವರ ಕಡಿಮೆಯಾಯಿತು ಅಂತ ಅವರು ಸುಲಭಕ್ಕೆ ಒಪ್ಪುವುದಿಲ್ಲ, ರೋಗಿಗಳನ್ನೇ ಎಣಿಸುತ್ತಾರೆ. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ಡೆಂಗಿ ವೈರಸ್ಸು ಸೊಳ್ಳೆಯೊಳಗೆ ಬೆಳೆಯದಂತೆ ತಡೆಯುವ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರುವ ಸೊಳ್ಳೆಗಳನ್ನು ಕೆಲವು ಪ್ರದೇಶಗಳಲ್ಲಿ ಬಿಟ್ಟು, ಬಿಡದ ಪ್ರದೇಶಗಳ ಜೊತೆ ಹೋಲಿಸಿದರು. ಡೆಂಗಿ ಶೇ 77ರಷ್ಟು ಕಡಿಮೆ ಇತ್ತು. 2021ರಲ್ಲಿ ಬಂದ ಫಲಿತಾಂಶ ಅದು. ಆದ್ದರಿಂದ ಮನೆಯ ಪುಸ್ತಕದಲ್ಲೂ ಜ್ವರಕ್ಕೊಂದು ಕಾಲಂ ಇರಲಿ. ಯಾರಿಗಾದರೂ ಜ್ವರ ಬಂದರೆ ಅವತ್ತೇ ರಕ್ತಪರೀಕ್ಷೆ ಮಾಡಿಸಿ. ಡೆಂಗಿ ಇರಬಹುದಾದ್ದರಿಂದ ನೀವೇ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ.

ನಮ್ಮ ಪುಸ್ತಕದಲ್ಲಿ ಈ ಭಾನುವಾರ 18ರಲ್ಲಿ 1. ಸಿಕ್ಕಿದ್ದು ಬೆಕ್ಕಿಗೆ ನೀರಿಡುವ ಗೆರಟೆಯಲ್ಲಿ. ಅದನ್ನು ಇಟ್ಟವನು ನಾನೇ.