ಡಿಕ್ಕಿಯ ಪಾಠಕ್ಕೆ ಗೋಟಿ ಬೇಡ, ತೂಗಿಬಿಟ್ಟ ಗುಂಡು ಬೇಕು

ತರಗತಿಯಲ್ಲಿ ಸ್ಥಿತಿಸ್ಥಾಪಕ ಸಂಘಟ್ಟನೆ, ಅಂದರೆ ಚಲನ ಶಕ್ತಿ ನಷ್ಟವಾಗದ ಡಿಕ್ಕಿ, ತೋರಿಸಬೇಕೆಂದಾಗ ಮೊದಲು ಕೈಗೆ ಬರುವುದು ಗೋಟಿ. ವೈರಿಂಗಿನ ಕೇಸಿಂಗ್ ಪಟ್ಟಿಯನ್ನು ಬೆಂಚಿನ ಮೇಲಿಟ್ಟು, ಒಂದು ಗೋಟಿ ನಿಲ್ಲಿಸಿ, ಇನ್ನೊಂದನ್ನು ಉರುಳಿಸಿ ಹೊಡೆಸುತ್ತೇವೆ. ಪುಸ್ತಕದ ಪ್ರಕಾರ ಹೊಡೆದದ್ದು ನಿಲ್ಲಬೇಕು, ನಿಂತದ್ದು ಅಷ್ಟೇ ವೇಗದಲ್ಲಿ ಓಡಬೇಕು. ಹಾಗಾಗುವುದಿಲ್ಲ. ಹೊಡೆದ ಗೋಟಿ ಅರೆಕ್ಷಣ ನಿಂತು ಮತ್ತೆ ತಾನಾಗಿಯೇ ಮುಂದಕ್ಕೆ ಹೊರಡುತ್ತದೆ. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಮಕ್ಕಳು ವೇಗ ಅಳೆದು, ವರ್ಗ ಮಾಡಿ, ‘ಶಕ್ತಿ ಹೋಯಿತು, ಇದು ಅಸ್ಥಿತಿಸ್ಥಾಪಕ’ ಎಂದು ಬರೆಯುತ್ತಾರೆ.

ತಪ್ಪು ಡಿಕ್ಕಿಯದಲ್ಲ, ಉರುಳುವಿಕೆಯದು. ಡಿಕ್ಕಿಯಲ್ಲಿ ಗೋಟಿಯ ಮುಂದೋಟ ಮಾತ್ರ ಕೈಬದಲಾಗುತ್ತದೆ, ತಿರುಗಾಟ ಹೊಡೆದ ಗೋಟಿಯಲ್ಲೇ ಉಳಿಯುತ್ತದೆ. ನಿಂತಲ್ಲೇ ಗಿರ್ರನೆ ತಿರುಗುವ ಆ ಗೋಟಿಯನ್ನು ಪಟ್ಟಿಯ ಘರ್ಷಣೆ ಮುಂದಕ್ಕೆ ತಳ್ಳುತ್ತದೆ. ಹೊಡೆತ ತಿಂದದ್ದು ಮೊದಲು ಜಾರುತ್ತದೆ, ಆಮೇಲೆ ಉರುಳುತ್ತದೆ. ಸಮತಟ್ಟಾದ ತಳದ ಮೇಲೆ, ಡಿಕ್ಕಿ ಪೂರ್ತಿ ಸ್ಥಿತಿಸ್ಥಾಪಕವೇ ಆಗಿದ್ದರೂ, ಕೊನೆಗೆ ಹೊಡೆದದ್ದಕ್ಕೆ ಮೊದಲಿನ ವೇಗದ 2/7, ಹೊಡೆಸಿಕೊಂಡದ್ದಕ್ಕೆ 5/7 ಸಿಗುತ್ತದೆ. ಮೊದಲಿದ್ದದ್ದನ್ನು 1 ಎಂದುಕೊಂಡು ಸಂವೇಗ (ರಾಶಿ × ವೇಗ) ಕೂಡಿಸಿದರೆ ಸರಿಯಾಗಿ 1. ಚಲನ ಶಕ್ತಿ ಕೂಡಿಸಿದರೆ 29/49, ಅಂದರೆ ಸುಮಾರು ಶೇ. 59. ಉಳಿದ ಶೇ. 41 ಜಾರುವಾಗ ಘರ್ಷಣೆಯಲ್ಲಿ ಶಾಖವಾಯಿತು. ಉರುಳುವ ಚಲನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಡಿಕ್ಕಿಯ ಮೊದಲ ಪಾಠಕ್ಕೆ ಇದನ್ನು ತರಬಾರದು.

ಹಾಗಾಗಿ ನಾನು ಗುಂಡುಗಳನ್ನು ನೆಲಕ್ಕೆ ತಾಗಿಸದೆ ತೂಗಿಬಿಡುತ್ತೇನೆ. ನ್ಯೂಟನ್ ಮಾಡಿದ್ದೂ ಇದೇ. 10 ಅಡಿ ಉದ್ದದ ಲೋಲಕಗಳಲ್ಲಿ ಅಳೆದು, ಗಾಜಿನ ಗುಂಡುಗಳು ಹತ್ತಿರ ಬಂದ ವೇಗಕ್ಕೆ 15/16ರಷ್ಟು ವೇಗದಲ್ಲಿ ದೂರ ಸರಿಯುತ್ತವೆ, ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು 5/9ರಷ್ಟು ಎಂದು ಆತ 1687ರಲ್ಲಿ ಬರೆದ. ಈ ಅನುಪಾತವೇ ಪುನಃಸ್ಥಾಪನಾ ಗುಣಾಂಕ. ಬೋರ್ಡಿನ ಮೇಲೆ ಅದನ್ನು ‘ಇ’ ಎಂದು ಬರೆಯೋಣ.

ಗುಜರಿಯಲ್ಲಿ ಸಿಗುವ ಹಳೆ ಬೇರಿಂಗಿನಿಂದ 25 ಮಿ.ಮೀ. ವ್ಯಾಸದ ಎರಡು ಉಕ್ಕಿನ ಗುಂಡು ಬೇಕು. ಒಂದೊಂದೂ ಸುಮಾರು 64 ಗ್ರಾಂ ತೂಗುತ್ತದೆ. ಇವಕ್ಕೆ ತೂತು ಕೊರೆಯಲು ಹೋಗಬೇಡಿ, ಡ್ರಿಲ್ ಬಿಟ್ ಹಾಳಾಗುತ್ತದೆ. ಸೀಮೆಎಣ್ಣೆಯಿಂದ ಗ್ರೀಸ್ ಪೂರ್ತಿ ಒರೆಸಿ, ನೆತ್ತಿಯ ಮೇಲೆ ಕಡಲೆಕಾಳಿನಷ್ಟು ಎಂ-ಸೀಲ್ ಇಟ್ಟು, ಅದರೊಳಗೆ ದಾರದ ಕುಣಿಕೆ ಕೂರಿಸಿ ಒಂದು ರಾತ್ರಿ ಒಣಗಿಸಿ. ಗ್ರೀಸ್ ಉಳಿದಿದ್ದರೆ ಮರುದಿನ ಗುಂಡು ಕಳಚಿ ಕಾಲ ಮೇಲೆ ಬೀಳುತ್ತದೆ. ಪ್ರತಿ ಗುಂಡಿಗೂ ಎರಡು ದಾರ, ಮೇಲೆ ಎರಡು ಕಡೆ ಅಗಲಿಸಿ ಕಟ್ಟಿದ್ದು. ಒಂದೇ ದಾರವಾದರೆ ಗುಂಡು ಅಡ್ಡಡ್ಡ ಓಲಾಡಿ ಡಿಕ್ಕಿ ಓರೆಯಾಗುತ್ತದೆ. ಮೇಲಿನ ಕಂಬಿಯಿಂದ ಗುಂಡಿನ ನಡುವಿಗೆ 1 ಮೀಟರ್ ಆಳ ಇರಲಿ.

ಕೆಲಸ ಕೆಡುವುದು ಹೆಚ್ಚಾಗಿ ಎತ್ತರದಲ್ಲಿ. ಎರಡು ಗುಂಡಿನ ನಡು ಒಂದೇ ಮಟ್ಟದಲ್ಲಿ ಇರದಿದ್ದರೆ ಒಂದು ಮೇಲಕ್ಕೆ ಹಾರುತ್ತದೆ, ದಾರ ಸಡಿಲಾಗಿ ಜಗ್ಗುತ್ತದೆ, ಓದಿದ ಅಂಕಿ ಯಾವುದಕ್ಕೂ ಬರುವುದಿಲ್ಲ. ಸುಮ್ಮನೆ ತೂಗುವಾಗ ಎರಡರ ನಡುವೆ ಒಂದು ಹಾಳೆ ಸಲೀಸಾಗಿ ಜಾರಬೇಕು. ಒಂದಕ್ಕೊಂದು ಒತ್ತಿಕೊಂಡಿರಬಾರದು.

ಅಳತೆಗೆ ಕೋನಮಾಪಕ ಬೇಕಿಲ್ಲ. ಗುಂಡು ತಳಕ್ಕೆ ಬಂದಾಗಿನ ವೇಗ, ಅದನ್ನು ಬಿಟ್ಟ ಜಾಗದಿಂದ ತಳದವರೆಗಿನ ನೇರ ದೂರಕ್ಕೆ, ಅಂದರೆ ಜ್ಯಾಕ್ಕೆ, ಅನುಪಾತದಲ್ಲಿರುತ್ತದೆ. ದೂರ ಓದಿದರೆ ವೇಗ ಓದಿದಂತೆಯೇ. ಹಿಂದೆ ಸ್ಕೇಲ್ ನಿಲ್ಲಿಸಿ, ಮೊಬೈಲನ್ನು 2 ಮೀಟರ್ ದೂರದಲ್ಲಿ ಗುಂಡಿನ ಮಟ್ಟಕ್ಕೇ ಇಟ್ಟು ವಿಡಿಯೊ ಮಾಡಿ. ಹತ್ತಿರ ಇಟ್ಟರೆ ಸ್ಕೇಲಿನ ಓದು ಓರೆ ಬೀಳುತ್ತದೆ.

20 ಸೆಂ.ಮೀ.ನಿಂದ ಬಿಟ್ಟಾಗ ನನಗೆ ಸಿಗುವ ಅಂಕಿಗಳು ಹೀಗಿರುತ್ತವೆ: ಹೊಡೆಸಿಕೊಂಡದ್ದು 19.2 ಸೆಂ.ಮೀ. ಹೋಗುತ್ತದೆ, ಹೊಡೆದದ್ದು ಅದರ ಹಿಂದೆಯೇ 0.6 ಸೆಂ.ಮೀ. ಸರಿಯುತ್ತದೆ. ಮೊತ್ತ 19.8, ಸಂವೇಗ ಉಳಿಯಿತು. ವ್ಯತ್ಯಾಸ 18.6ನ್ನು 20ರಿಂದ ಭಾಗಿಸಿದರೆ ಇ = 0.93. ವರ್ಗಗಳ ಮೊತ್ತ 369ನ್ನು 400ರಿಂದ ಭಾಗಿಸಿದರೆ ಶಕ್ತಿ ಶೇ. 92. ಆ 0.2 ಸೆಂ.ಮೀ. ಕೊರತೆಯ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಒಂದೇ ಗುಂಡನ್ನು ಡಿಕ್ಕಿ ಇಲ್ಲದೆ ತೂಗಿಬಿಟ್ಟು, ಗಾಳಿ ಮತ್ತು ದಾರ ಎಷ್ಟು ತಿನ್ನುತ್ತವೆ ಎಂದು ಮೊದಲೇ ತೋರಿಸಿಡಿ.

ಇನ್ನು ಅಂಟುವ ಡಿಕ್ಕಿ. ಇದಕ್ಕೆ ನಮ್ಮ ಕಲಬುರಗಿಯ ಎರೆಮಣ್ಣಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮಳೆಗಾಲದಲ್ಲಿ ಹೊಲಕ್ಕೆ ಇಳಿದವರಿಗೆ ಅದರ ಹಿಡಿತ ಗೊತ್ತು. ಜರಡಿ ಹಿಡಿದು, ರೊಟ್ಟಿ ಹಿಟ್ಟಿಗಿಂತ ತುಸು ಮೆತ್ತಗೆ ಕಲಸಿ, 2 ಗ್ರಾಂನಷ್ಟನ್ನು ನಿಂತ ಗುಂಡಿನ ಮೇಲೆ ತೆಳ್ಳಗೆ ಮೆತ್ತಿ. ಜೋಳದ ಹಿಟ್ಟು ಪ್ರಯೋಜನವಿಲ್ಲ, ಅದಕ್ಕೆ ಜಿಗುಟಿಲ್ಲ, ಬಿರಿಯುತ್ತದೆ. ಗೋಧಿ ಹಿಟ್ಟು ಅಂಟುತ್ತದೆ, ಆದರೆ ರಬ್ಬರಿನಂತೆ ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಮಣ್ಣಿನ ದಪ್ಪದಷ್ಟು ದಾರಗಳನ್ನು ದೂರ ಸರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಗುಂಡು ತಳ ಮುಟ್ಟುವ ಮೊದಲೇ ಡಿಕ್ಕಿಯಾಗುತ್ತದೆ. ಬರಬೇಕಾದ ಓದು 20 × 64/130, ಅಂದರೆ 9.8 ಸೆಂ.ಮೀ. ಸಂವೇಗ ಅಷ್ಟೂ ಅಲ್ಲೇ ಇದೆ, ಶಕ್ತಿ ಮಾತ್ರ ಅರ್ಧಕ್ಕಿಂತ ಕಡಿಮೆ. ಉಕ್ಕಿನ ಓದು, ಮಣ್ಣಿನ ಓದು ಎರಡನ್ನೂ ಬೋರ್ಡಿನಲ್ಲಿ ಪಕ್ಕಪಕ್ಕದಲ್ಲೇ ಬರೆಯಿರಿ. ಸಂವೇಗದ ಸಾಲು ಅಲುಗದೆ ನಿಂತಿದ್ದು, ಶಕ್ತಿಯ ಸಾಲು ಕುಸಿದದ್ದು ಅಲ್ಲಿ ಒಟ್ಟಿಗೆ ಕಾಣಬೇಕು.

ದಾರ ಕಟ್ಟಲು ಪುರುಸೊತ್ತಿಲ್ಲದ ದಿನ ಶಹಾಬಾದ್ ಪರಸಿ ಕಲ್ಲಿನ ನೆಲವೇ ಸಾಕು. ಚೆಂಡು ಬೀಳಿಸಿ, ಟಕ್ ಟಕ್ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸದ್ದುಗಳ ನಡುವಿನ ಸಮಯ ಓದಿದರಾಯಿತು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಕೈಯಲ್ಲಿ ಮಾಡುವುದಾದರೆ, ಎರಡನೆಯ ಅಂತರವನ್ನು ಮೊದಲನೆಯದರಿಂದ ಭಾಗಿಸಿದರೆ ‘ಇ’. ಮೊದಲು ಟೇಬಲ್ ಟೆನ್ನಿಸ್ ಚೆಂಡಿನಲ್ಲಿ ಪರೀಕ್ಷಿಸಿ. ನಿಯಮದ ಪ್ರಕಾರ ಅದು ಉಕ್ಕಿನ ಗಟ್ಟಿಯ ಮೇಲೆ 30.5 ಸೆಂ.ಮೀ.ನಿಂದ ಬಿದ್ದರೆ 24ರಿಂದ 26 ಸೆಂ.ಮೀ. ಪುಟಿಯಬೇಕು, ಅಂದರೆ ಇ 0.89ರಿಂದ 0.92. ಅಷ್ಟೇ ಎತ್ತರದಿಂದ ಬೀಳಿಸಿದಾಗ ಮೊದಲ ಎರಡು ಟಕ್‌ಗಳ ನಡುವೆ ಸುಮಾರು 0.45 ಸೆಕೆಂಡ್ ಬಂದರೆ ನಿಮ್ಮ ಅಳತೆ ಸರಿ ಇದೆ. ಫ್ಯಾನ್ ಆರಿಸಿ, ಅದರ ಗಾಳಿಯೂ ಸದ್ದೂ ಎರಡೂ ಕೆಡಿಸುತ್ತವೆ.

ಓದು ತೀರಾ ಕಡಿಮೆ ಬಂದರೆ ಚೆಂಡನ್ನು ದೂರುವ ಮೊದಲು ಪರಸಿಯನ್ನು ಬೆರಳಗಂಟಿನಿಂದ ತಟ್ಟಿ ನೋಡಿ. ಕೆಳಗೆ ಗಾರೆ ಕೂಡದೆ ಪೊಳ್ಳು ಉಳಿದಿದ್ದರೆ ಸದ್ದೇ ಬೇರೆ. ಅಲ್ಲಿ ಕಲ್ಲೇ ಅದುರಿ ಶಕ್ತಿ ತಿನ್ನುತ್ತದೆ. ಪಾಲಿಶ್ ಮಾಡದ ಒರಟು ಕಲ್ಲಾದರೆ ಚೆಂಡು ಪಕ್ಕಕ್ಕೆ ಚಿಮ್ಮುತ್ತದೆ. ಉಕ್ಕಿನ ಗುಂಡು ಬೀಳಿಸುವುದಾದರೆ 10 ಮಿ.ಮೀ.ನದು ಸಾಕು. 64 ಗ್ರಾಂನದ್ದು ಕಲ್ಲಿನ ಅಂಚು ಒಡೆಯುತ್ತದೆ. ರಬ್ಬರ್ ಚೆಂಡನ್ನು ಮೇ ತಿಂಗಳ ಬಿಸಿಲಿನಲ್ಲಿಟ್ಟು ಒಮ್ಮೆ, ಫ್ರಿಜ್‌ನಲ್ಲಿಟ್ಟು ಒಮ್ಮೆ ಬೀಳಿಸಿದರೆ ‘ಇ’ ಬದಲಾಗುವುದು ಕಿವಿಗೇ ತಿಳಿಯುತ್ತದೆ.

ನೆಲದ ಪ್ರಯೋಗದಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ: ಚೆಂಡಿನ ಸಂವೇಗ ತಿರುಗುಮುರುಗಾಯಿತಲ್ಲ, ಉಳಿದದ್ದೆಲ್ಲಿ? ಅಂಕಿ ಹಾಕಿಯೇ ಉತ್ತರಿಸಿ. 10 ಮಿ.ಮೀ.ನ, ಅಂದರೆ 4.1 ಗ್ರಾಂ ಗುಂಡು 50 ಸೆಂ.ಮೀ.ನಿಂದ ಬಿದ್ದರೆ ವೇಗ ಸೆಕೆಂಡಿಗೆ 3.13 ಮೀಟರ್, ಸಂವೇಗ 0.0128 ಕಿ.ಗ್ರಾಂ ಮೀಟರ್ ಪ್ರತಿ ಸೆಕೆಂಡ್. ಇ 0.9 ಆದರೆ ಡಿಕ್ಕಿಯಲ್ಲಿ ಭೂಮಿಗೆ ಹೋದ ಸಂವೇಗ ಅದರ 1.9 ಪಟ್ಟು, 0.0244. ಭೂಮಿಯ ರಾಶಿ 6 × 10²⁴ ಕಿ.ಗ್ರಾಂ, ಹಾಗಾಗಿ ಅದಕ್ಕೆ ಬಂದ ವೇಗ ಸೆಕೆಂಡಿಗೆ 4 × 10⁻²⁷ ಮೀಟರ್. ಭೂಮಿಗೆ ಬಂದ ಸಂವೇಗ ಗುಂಡು ತಂದದ್ದಕ್ಕಿಂತ ಹೆಚ್ಚು, ಚಲನ ಶಕ್ತಿ ಹೆಚ್ಚುಕಡಿಮೆ ಸೊನ್ನೆ. ‘ಇ’ಯ ವರ್ಗ 0.81, ಅಂದರೆ ಗುಂಡಿನಲ್ಲಿ ಉಳಿದ ಚಲನ ಶಕ್ತಿ ಶೇ. 81; ಹೋದ ಶೇ. 19 ಶಕ್ತಿಯನ್ನು ಭೂಮಿಯ ಚಲನೆಯಲ್ಲಿ ಹುಡುಕಬಾರದು. ಅದು ಗುಂಡಿನಲ್ಲಿ, ಕಲ್ಲಿನಲ್ಲಿ, ಕೇಳಿದ ಆ ಟಕ್‌ನಲ್ಲಿ ಇದೆ.