ವರ್ಚುವಲ್ ಲೋಕ ತಡವರಿಸುತ್ತಿದ್ದರೆ: ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ

ಸೆಕೆಂಡ್ ಲೈಫ್‌ನಂತಹ, ಜನ ಕಂಪ್ಯೂಟರ್ ಮೂಲಕವೇ ಓಡಾಡಿ ಭೇಟಿಯಾಗುವ ಆನ್‌ಲೈನ್ ವರ್ಚುವಲ್ ಲೋಕಗಳಲ್ಲಿ ಚಿತ್ರ ತಡೆತಡೆದು ಬರತೊಡಗಿದರೆ ನಮ್ಮ ದಾವಣಗೆರೆಯಲ್ಲಿ ಬಹುತೇಕರು ಮೊದಲು ಕೇಳುವುದು ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು ಎಂದು. ಕಳೆದ ಬೇಸಿಗೆಯಲ್ಲಿ ಪಿ.ಜೆ. ಬಡಾವಣೆಯ ಪರಿಚಿತರೊಬ್ಬರು ವಾಸ್ತುಶಿಲ್ಪ ಓದುತ್ತಿರುವ ಮಗಳಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸ ಕಾರ್ಡ್ ತರಿಸಿ ಹಾಕಿಸಿದ್ದರು. ವೇಗ ಮಾತ್ರ ಒಂದಿಷ್ಟೂ ಏರಿರಲಿಲ್ಲ. ‘ಹೊಳೆಯಾಗ ಹುಣಸೆಹಣ್ಣು ತೊಳೆದಂಗಾತು ಸರ್’ ಎಂದು ಅವರು ನೊಂದುಕೊಂಡರು. ಮೇಜಿನ ಹಿಂದೆ ಬಗ್ಗಿ ನೋಡಿದಾಗ ಮಾನಿಟರ್‌ನ ಕೇಬಲ್ ಮದರ್‌ಬೋರ್ಡಿನ ಕಿಂಡಿಯಲ್ಲೇ ಇತ್ತು. ಅದಕ್ಕಿಂತ ಒಂದು ಗೇಣು ಕೆಳಗೆ ಹೊಸ ಕಾರ್ಡಿನ ಕಿಂಡಿಗಳು, ಪ್ಲಾಸ್ಟಿಕ್ ಮುಚ್ಚಳ ಸಹ ತೆಗೆಯದೆ, ಹಾಗೆಯೇ ಇದ್ದವು. ಕೇಬಲ್ ಬದಲಿಸಿದ ಮೇಲೆ ಚಿತ್ರ ಹಗುರಾಗಿ ಓಡಿತು. ಆದರೆ ಆ ಲೋಕದೊಳಗೆ ಹತ್ತಿಪ್ಪತ್ತು ಜನ ಸೇರಿದ ಸಭೆಯೊಂದಕ್ಕೆ ಹೋದ ಕೂಡಲೇ ಮತ್ತೆ ಹಳೆಯ ತಡವರಿಕೆ ಮರಳಿತು. ಆ ಎರಡನೆಯ ತಡವರಿಕೆಗೆ ಕಾರಣವನ್ನು ಕಾರ್ಡಿನಲ್ಲಿ ಹುಡುಕಿ ಪ್ರಯೋಜನವಿರಲಿಲ್ಲ, ಮತ್ತು ಈ ಲೇಖನದ ಹೆಚ್ಚಿನ ಭಾಗ ಅದನ್ನು ಕುರಿತದ್ದೇ ಆಗಿದೆ.

ಲಿಂಡೆನ್ ಲ್ಯಾಬ್ 2003ರಲ್ಲಿ ಸಾರ್ವಜನಿಕರಿಗೆ ತೆರೆದ ಸೆಕೆಂಡ್ ಲೈಫ್ ಸಾಮಾನ್ಯ ಕಂಪ್ಯೂಟರ್ ಆಟಗಳಂತಲ್ಲ. ಆಟವೊಂದನ್ನು ತಯಾರಿಸುವವರು ಪ್ರತಿಯೊಂದು ಮರ, ಗೋಡೆ, ಮುಖವನ್ನು ಅಳೆದು ತೂಗಿ, ಇಂಥ ಯಂತ್ರದಲ್ಲಿ ಇಷ್ಟು ವೇಗ ಬರಬೇಕೆಂದು ಮೊದಲೇ ಕತ್ತರಿಸಿ ಹದಗೊಳಿಸಿರುತ್ತಾರೆ. ಇಲ್ಲಿ ಮನೆ, ಬಟ್ಟೆ, ಕೂದಲು ಎಲ್ಲವನ್ನೂ ಅಲ್ಲಿನ ನಿವಾಸಿಗಳೇ ತಯಾರಿಸುತ್ತಾರೆ. ಪರದೆಯ ಮೇಲಿನ ಆಕಾರಗಳೆಲ್ಲ ಸಣ್ಣ ಸಣ್ಣ ತ್ರಿಕೋನಗಳಿಂದಾದವು; ಒಬ್ಬರ ತಲೆಕೂದಲಿನ ತ್ರಿಕೋನಗಳು ಪಕ್ಕದ ಇಡೀ ಕಟ್ಟಡದ ತ್ರಿಕೋನಗಳಿಗಿಂತ ಹೆಚ್ಚಿದ್ದರೂ ತಡೆಯುವವರಿಲ್ಲ. ಅದೂ ಅಲ್ಲದೆ ಇವೆಲ್ಲ ನಿಮ್ಮ ಡಿಸ್ಕಿನಲ್ಲಿ ಮೊದಲೇ ಇರುವುದಿಲ್ಲ. ನೀವು ಆ ಜಾಗಕ್ಕೆ ಕಾಲಿಟ್ಟಾಗ ಜಾಲದಿಂದ ಇಳಿದು, ಜೆಪೆಗ್ 2000 ಎಂಬ ಕುಗ್ಗಿಸಿದ ರೂಪದಲ್ಲಿರುವ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು) ಪ್ರೊಸೆಸರ್‌ನಲ್ಲಿ ಬಿಚ್ಚಿಕೊಂಡು, ಆಮೇಲೆ ಕಾರ್ಡಿಗೆ ಹೋಗಬೇಕು. ಆದ್ದರಿಂದ ದೊಡ್ಡ ಆಟಗಳಲ್ಲಿ ಯಾವ ಕಾರ್ಡ್ ಎಷ್ಟು ಓಡುತ್ತದೆ ಎಂಬ ಪಟ್ಟಿಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಿಕೊಳ್ಳಬಾರದು.

ಮೊದಲು ತಡವರಿಕೆ ಯಾವ ಜಾತಿಯದೆಂದು ಗುರುತಿಸಿಕೊಳ್ಳಿ. ಆ ಲೋಕವನ್ನು ತೋರಿಸುವ ತಂತ್ರಾಂಶಕ್ಕೆ ವ್ಯೂವರ್ ಎನ್ನುತ್ತಾರೆ. ಸೆಕೆಂಡ್ ಲೈಫ್‌ನ ಸ್ವಂತ ವ್ಯೂವರ್ ಇರಲಿ, ಬೇರೆಯವರು ತಯಾರಿಸಿದ ಫೈರ್‌ಸ್ಟಾರ್ಮ್ ಇರಲಿ, ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು 1 ಒತ್ತಿದರೆ ಅಂಕಿಅಂಶಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಫ್ರೇಮ್‌ಗಳ ಸಂಖ್ಯೆ (ಸೆಕೆಂಡಿಗೆ ಬಿಡಿಸುವ ಚಿತ್ರಗಳೆಷ್ಟು ಎಂಬುದು) ಚೆನ್ನಾಗಿದ್ದೂ ನಿಮ್ಮ ಅವತಾರ, ಅಂದರೆ ಅಲ್ಲಿ ನಿಮ್ಮ ಪರವಾಗಿ ಓಡಾಡುವ ಗೊಂಬೆ, ಎರಡು ಹೆಜ್ಜೆ ಮುಂದೆ ಹೋಗಿ ಹಿಂದಕ್ಕೆ ಜಗ್ಗಿದಂತಾದರೆ, ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಮತ್ತು ಪ್ಯಾಕೆಟ್ ನಷ್ಟದ (ದಾರಿಯಲ್ಲಿ ಕಳೆದುಹೋಗುವ ಮಾಹಿತಿಯ) ಸಾಲುಗಳನ್ನು ನೋಡಬೇಕು. ಟೈಮ್ ಡೈಲೇಷನ್ ಎಂಬ ಸಾಲು 1ರ ಆಸುಪಾಸಿನಿಂದ ಸಾಕಷ್ಟು ಕೆಳಗಿಳಿದಿದ್ದರೆ ಆ ಲೋಕದಲ್ಲಿ ನೀವು ನಿಂತಿರುವ ಪ್ರದೇಶದ ಸರ್ವರ್ ಬಳಲಿದೆ ಎಂದರ್ಥ. ಬೇರೆ ಪ್ರದೇಶಕ್ಕೆ ಹೋಗುವುದನ್ನು ಬಿಟ್ಟು ನೀವು ಮಾಡಬಹುದಾದದ್ದೇನೂ ಇಲ್ಲ. ಇವೆರಡೂ ಸರಿಯಿದ್ದು ಫ್ರೇಮ್‌ಗಳ ಸಂಖ್ಯೆ ಮಾತ್ರ ಕುಸಿದಿದ್ದರೆ ದೋಷ ನಿಮ್ಮ ಯಂತ್ರದ್ದು ಅಥವಾ ಅದರ ಸೆಟ್ಟಿಂಗ್‌ಗಳದ್ದು. ಪಿಂಗ್ ವಿಷಯದಲ್ಲಿ ಒಂದು ಮಾತು: ಈ ಸರ್ವರ್‌ಗಳು 2020ರಿಂದ ಅಮೆರಿಕದ ಒರೆಗಾನ್‌ನಲ್ಲಿರುವ ಅಮೆಜಾನ್ ಕ್ಲೌಡ್‌ನಲ್ಲಿವೆ. ನಮ್ಮೂರಿಂದ ಅಲ್ಲಿಗೆ ನೇರ ಗೆರೆ ಎಳೆದರೂ ಸುಮಾರು 13 ಸಾವಿರ ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಹೋಗಿ ಬರುವುದಕ್ಕೇ ಏನಿಲ್ಲವೆಂದರೂ 130 ಮಿಲಿಸೆಕೆಂಡ್ ಬೇಕು. ತಂತಿ ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ ಕಾಣುವ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿದರೆ ಪ್ಯಾಕೆಟ್ ನಷ್ಟ ತಗ್ಗುತ್ತದೆ, ಆದರೆ ಈ ದೂರವನ್ನು ಯಾವ ಕಾರ್ಡೂ ತಗ್ಗಿಸದು.

ದೋಷ ಯಂತ್ರದ್ದೇ ಎಂದಾದರೆ ಅಳತೆಗೆ ಒಂದು ಜಾಗವನ್ನು ಗೊತ್ತುಮಾಡಿಕೊಳ್ಳಿ. ಪ್ರತಿಸಲವೂ ಅದೇ ಸ್ಥಳದಲ್ಲಿ, ಅದೇ ದಿಕ್ಕಿಗೆ ಮುಖಮಾಡಿ, ವ್ಯೂವರ್‌ನಲ್ಲಿ ಕಾಣುವ ಆಕಾಶವನ್ನು ನಡುಹಗಲಿಗೆ ನಿಲ್ಲಿಸಿ, ಟೆಕ್ಸ್ಚರ್‌ಗಳೆಲ್ಲ ಇಳಿಯುವವರೆಗೆ ಎರಡು ಮೂರು ನಿಮಿಷ ಕಾದು, ಆಮೇಲೆ ಫ್ರೇಮ್‌ಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಈಗ ವ್ಯೂವರ್‌ನ ಕಿಟಕಿಯನ್ನು ಎಳೆದು ಪರದೆಯ ಕಾಲು ಭಾಗದಷ್ಟು ಸಣ್ಣದು ಮಾಡಿ ನೋಡಿ. ಸಂಖ್ಯೆ ಜೋರಾಗಿ ಏರಿದರೆ ಕಾರ್ಡಿಗೆ ಪಿಕ್ಸೆಲ್‌ಗಳ ಹೊರೆ ಭಾರವಾಗಿದೆ. ಇದ್ದಲ್ಲೇ ಇದ್ದರೆ ಕಾರ್ಡ್ ಕೈಕಟ್ಟಿ ಕುಳಿತು ಪ್ರೊಸೆಸರ್‌ಗಾಗಿ ಕಾಯುತ್ತಿದೆ. ದುಡ್ಡು ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ಯಾರೂ ಕಾರ್ಡ್ ಕೊಳ್ಳಬಾರದು ಎಂಬುದು ನನ್ನ ಆಗ್ರಹ. ಆ ಹುಡುಗಿಯ ಯಂತ್ರದಲ್ಲಿ, ಸಭೆಯ ನಡುವೆ, ಕಿಟಕಿ ಎಷ್ಟು ಕಿರಿದಾದರೂ ಸಂಖ್ಯೆ ಅಲುಗಲಿಲ್ಲ.

ಪ್ರೊಸೆಸರ್ ಬಳಲುತ್ತಿರುವುದು ಟಾಸ್ಕ್ ಮ್ಯಾನೇಜರ್‌ನಲ್ಲಿ ಸುಲಭವಾಗಿ ಕಾಣುವುದಿಲ್ಲ, ಮತ್ತು ಮೋಸಹೋಗುವುದು ಇಲ್ಲಿಯೇ. ದೃಶ್ಯದ ಪ್ರತಿಯೊಂದು ವಸ್ತುವನ್ನೂ ಬಿಡಿಸೆಂದು ಕಾರ್ಡಿಗೆ ಆಜ್ಞೆ ಕೊಡುವ ಕೆಲಸ ಬಹುಮಟ್ಟಿಗೆ ಒಂದೇ ಥ್ರೆಡ್‌ನಲ್ಲಿ, ಅಂದರೆ ಪ್ರೊಸೆಸರ್‌ನ ಒಂದೇ ಕೆಲಸದ ಸಾಲಿನಲ್ಲಿ, ನಡೆಯುತ್ತದೆ. ಹದಿನಾರು ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ಭರ್ತಿಯಾದರೂ ಒಟ್ಟು ಬಳಕೆಗೆ ಅದು ಸೇರಿಸುವುದು ಶೇ. 6ರಷ್ಟು ಮಾತ್ರ, ನೋಡುವವರಿಗೆ ಯಂತ್ರ ಆರಾಮಾಗಿದೆ ಎನ್ನಿಸುತ್ತದೆ. ಅಂಗಡಿಯವರು ಕೋರ್‌ಗಳ ಸಂಖ್ಯೆಯನ್ನು ಮುಂದಿಟ್ಟು ಮಾತನಾಡುತ್ತಾರೆ, ಆದರೆ ಈ ಕೆಲಸಕ್ಕೆ ಹಳೆಯ ಕಾಲದ ಹನ್ನೆರಡು ಕೋರ್‌ಗಿಂತ ಹೊಸ ಪೀಳಿಗೆಯ ವೇಗದ ಆರು ಕೋರ್ ಮೇಲು. ಹಾಗಾಗಿ ಒಂದೇ ಕೋರ್‌ನ ವೇಗ ಅಳೆಯುವ ಸಿಂಗಲ್ ಕೋರ್ ಅಂಕಗಳನ್ನು ಹೋಲಿಸಿ ಆಯ್ಕೆ ಮಾಡಿ. ನಿಮ್ಮಲ್ಲಿ ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ನ ಹಳೆಯ ಬೋರ್ಡ್, ಉದಾಹರಣೆಗೆ ಬಿ450, ಇದ್ದರೆ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ರೈಜೆನ್ 5 5600ರಂತಹ ಪ್ರೊಸೆಸರ್ ಕೂರಿಸಬಹುದು. ಬೋರ್ಡ್ ಮತ್ತು ಮೆಮೊರಿ ಬದಲಿಸುವ ಖರ್ಚು ಉಳಿಯುತ್ತದೆ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಹಾಳಾಗಬಹುದಾದ್ದರಿಂದ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬೇಡಿ.

ಕಾರ್ಡ್ ಆರಿಸುವಾಗ ಅದರ ಸ್ವಂತ ಮೆಮೊರಿಯನ್ನು ಮೊದಲು ನೋಡಬೇಕು. 1024ಕ್ಕೆ 1024 ಅಳತೆಯ ಒಂದು ಟೆಕ್ಸ್ಚರ್ ಬಿಚ್ಚಿಕೊಂಡಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 4 ಎಂಬಿ ಜಾಗ ಹಿಡಿಯುತ್ತದೆ. ಅಂಥವು ಸಾವಿರ ಸೇರಿದರೆ 4 ಜಿಬಿ. ಜನದಟ್ಟಣೆಯ ಮಾರುಕಟ್ಟೆಯೊಂದರಲ್ಲಿ ಸಾವಿರ ಟೆಕ್ಸ್ಚರ್ ದೊಡ್ಡ ಮಾತೇನಲ್ಲ. ಜಾಗ ತುಂಬಿದಾಗ ಗೋಡೆಗಳು ಒಮ್ಮೆ ಸ್ಪಷ್ಟವಾಗಿ, ಮರುಕ್ಷಣ ಮಬ್ಬಾಗಿ ಕಾಣತೊಡಗುತ್ತವೆ. ಆದ್ದರಿಂದ 4 ಜಿಬಿಯ ಚುರುಕು ಕಾರ್ಡಿಗಿಂತ 8 ಜಿಬಿಯ ಮಧ್ಯಮ ಕಾರ್ಡೇ ಮೇಲೆಂಬುದು ನನ್ನ ಅಭಿಪ್ರಾಯ. ಈ ವ್ಯೂವರ್‌ಗಳು ಚಿತ್ರ ಬಿಡಿಸಲು ಓಪನ್‌ಜಿಎಲ್ ಎಂಬ ವ್ಯವಸ್ಥೆಯನ್ನು ಬಳಸುವುದರಿಂದ ಎಎಂಡಿ ಕಾರ್ಡ್ ಬೇಡವೇ ಬೇಡ ಎಂಬ ಸಲಹೆ ಬಹುಕಾಲ ಚಾಲ್ತಿಯಲ್ಲಿತ್ತು. 2022ರ ಜುಲೈನಲ್ಲಿ ಬಂದ ಡ್ರೈವರ್‌ನಲ್ಲಿ ಎಎಂಡಿ ತನ್ನ ಓಪನ್‌ಜಿಎಲ್ ಭಾಗವನ್ನು ಬಹಳಷ್ಟು ಸುಧಾರಿಸಿದ್ದರಿಂದ ಆ ಸಲಹೆಯನ್ನು ಈಗ ಕಣ್ಣುಮುಚ್ಚಿ ಒಪ್ಪಬೇಕಿಲ್ಲ.

ರ‍್ಯಾಮ್ 16 ಜಿಬಿ ಇರಲಿ, ಅದೂ 8 ಜಿಬಿಯ ಎರಡು ಪಟ್ಟಿಗಳಾಗಿ. ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಗ್ರಾಫಿಕ್ಸ್ ಭಾಗವೂ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಡಿಡಿಆರ್4 3200ರ ಒಂದೇ ಪಟ್ಟಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಹರಿದರೆ ಎರಡರಲ್ಲಿ 51.2 ಜಿಬಿ ಹರಿಯುತ್ತದೆ. ಜಾಲದಿಂದ ಇಳಿದದ್ದನ್ನು ಕೂಡಿಟ್ಟುಕೊಳ್ಳುವ ವ್ಯೂವರ್‌ನ ಕ್ಯಾಶ್ ಫೋಲ್ಡರ್ ಎಸ್‌ಎಸ್‌ಡಿಯಲ್ಲಿರಬೇಕು, ಮತ್ತು ಆಂಟಿವೈರಸ್ ಅದನ್ನು ಪದೇ ಪದೇ ಜಾಲಾಡದಂತೆ ವಿನಾಯಿತಿ ಕೊಟ್ಟಿರಬೇಕು.

ಇನ್ನು ಖರ್ಚಿಲ್ಲದ ದಾರಿ, ಅಂದರೆ ಸೆಟ್ಟಿಂಗ್‌ಗಳು. ಎಷ್ಟು ದೂರದವರೆಗೆ ದೃಶ್ಯ ಬಿಡಿಸಬೇಕು ಎಂಬ ಡ್ರಾ ಡಿಸ್ಟೆನ್ಸ್ ಅನ್ನು 256 ಮೀಟರ್‌ನಿಂದ 128ಕ್ಕೆ ಇಳಿಸಿದರೆ ನೋಡಬೇಕಾದ ನೆಲದ ವಿಸ್ತೀರ್ಣ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಪ್ರದೇಶದ ಬದಿಯೇ 256 ಮೀಟರ್ ಇರುವುದರಿಂದ ಮನೆಯೊಳಗೆ ಅಥವಾ ಸಭಾಂಗಣದಲ್ಲಿ 64 ಧಾರಾಳವಾಗಿ ಸಾಕು. ನೆರಳುಗಳನ್ನು ತೋರಿಸಲು ದೃಶ್ಯವನ್ನು ಸೂರ್ಯನ ಕಡೆಯಿಂದಲೂ ಮತ್ತೆ ಬಿಡಿಸಬೇಕಾಗುತ್ತದೆ, ಹಾಗಾಗಿ ಅವು ಪ್ರೊಸೆಸರ್ ಮತ್ತು ಕಾರ್ಡ್ ಎರಡಕ್ಕೂ ಹೊರೆ; ಫೋಟೊ ತೆಗೆಯುವಾಗ ಹಾಕಿಕೊಂಡು ಉಳಿದಂತೆ ಆರಿಸಿಡುವುದು ಲೇಸು. ಜನ ಸೇರಿದ ಕಡೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಅವತಾರಗಳ ಗರಿಷ್ಠ ಸಂಕೀರ್ಣತೆಯ ಮಿತಿ, ಅಂದರೆ ಎಷ್ಟು ಭಾರದ ಅವತಾರದವರೆಗೆ ಪೂರ್ತಿ ಬಿಡಿಸಬೇಕು ಎಂಬುದು. ಅದನ್ನು ಇಳಿಸಿದಾಗ ಮಿತಿ ಮೀರಿದ ಅವತಾರಗಳು ಒಂದೇ ಬಣ್ಣದ ಗೊಂಬೆಗಳಂತೆ ಕಾಣುತ್ತವೆ. ಮಾತುಕತೆಗೆ ಅದರಿಂದ ತೊಂದರೆಯಿಲ್ಲ. ಆ ಹುಡುಗಿಯ ಸಭೆಯಲ್ಲಿ ಈ ಒಂದು ಮಿತಿಯನ್ನು ಇಳಿಸಿದ್ದರಿಂದ ಬಂದ ವೇಗ, ಹೊಸ ಕಾರ್ಡಿನಿಂದ ಬಂದಿರಲಿಲ್ಲ. ಕೊನೆಯದಾಗಿ ಫ್ರೇಮ್‌ಗಳಿಗೆ 60ರ ಮಿತಿ ಹಾಕಿಡಿ. ಖಾಲಿ ಕೋಣೆಯಲ್ಲಿ ನಿಂತಾಗ ಕಾರ್ಡ್ ಸುಮ್ಮನೆ ನೂರೈವತ್ತು ಫ್ರೇಮ್ ಬಿಡಿಸುತ್ತ ಬಿಸಿಯಾಗುವುದು ತಪ್ಪುತ್ತದೆ.

ಬಿಸಿಯಾಗುವ ವಿಚಾರ ನಮ್ಮ ಸೀಮೆಗೆ ಸಣ್ಣದಲ್ಲ. ತಂಪುಕಾರಿ ಫ್ಯಾನ್ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಎಂದು ಹಿಡಿದಿಡುತ್ತದೆ, ಅಷ್ಟೆ. ಕೋಣೆ 25 ಡಿಗ್ರಿ ಇದ್ದಾಗ 75 ತೋರಿಸುವ ಚಿಪ್, ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಕೋಣೆ 38 ಆದಾಗ 88ರ ಸಮೀಪ ಬರುತ್ತದೆ. ಅದರ ಮೇಲೆ ದೂಳು ಕಟ್ಟಿಕೊಂಡರೆ ಪ್ರೊಸೆಸರ್ 95, 100ರ ಗಡಿ ಮುಟ್ಟಿ, ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿಯುವ ಯಂತ್ರದ ರೋಗ ಹೆಚ್ಚಾಗಿ ಇದೇ. ಮಂಡಕ್ಕಿ ಭಟ್ಟಿಗಳ ಕಡೆಯ ಒಂದು ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಫ್ಯಾನ್‌ಗೂ ಲೋಹದ ರೆಕ್ಕೆಗಳಿಗೂ ನಡುವೆ ಬೂದುಬಣ್ಣದ ಪದರ ಕಂಬಳಿಯಂತೆ ಹೆಣೆದುಕೊಂಡಿತ್ತು. ಬೆರಳಲ್ಲಿ ಎತ್ತಿದರೆ ಹರಿಯದೆ ಇಡಿಯಾಗಿ ಬಂತು, ಅದರೊಳಗೆ ಹೊಟ್ಟಿನ ಚೂರುಗಳು ಮಿನುಗುತ್ತಿದ್ದವು. ಇದನ್ನು ತೆಗೆಯುವಾಗ ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್‌ನಿಂದ ಸಡಿಲಿಸಿ, ಬ್ಲೋವರ್‌ನಿಂದ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಅದು ಅತಿವೇಗದಲ್ಲಿ ಸುತ್ತಿ ಬೇರಿಂಗ್ ಕೆಡುತ್ತದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಬಿರುಕುಬಿಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಇಡಿ. ಚಿತ್ರದುರ್ಗದಂತಹ ಗಾಳಿ ಹೆಚ್ಚಿರುವ ಒಣ ಊರಿನಲ್ಲಿ ಬೇಸಿಗೆಗೆ ಮುಂಚೆ ಒಮ್ಮೆ, ದಸರೆಯ ಆಯುಧಪೂಜೆಗೆ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಈ ಕೆಲಸ ಆಗಲೇಬೇಕು.

ಕರೆಂಟಿನ ಲೆಕ್ಕವನ್ನೂ ಹಾಕಿಕೊಳ್ಳಿ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ನಿಜದಲ್ಲಿ ಹೊರುವುದು 360 ವಾಟ್‌ನಷ್ಟು. ಒಳ್ಳೆಯ ಕಾರ್ಡ್ ಇರುವ ಯಂತ್ರ ದುಡಿಯುತ್ತಿರುವಾಗ ಅದನ್ನು ಮೀರಬಹುದು, ಆಗ ಕರೆಂಟ್ ಹೋದ ಕ್ಷಣವೇ ಯುಪಿಎಸ್ ಸಹ ಕೈಬಿಡುತ್ತದೆ. 1000 ವಿಎ ಇರುವುದನ್ನು ತನ್ನಿ. ಮನೆಯ ಇನ್ವರ್ಟರ್‌ಗೆ ಜೋಡಿಸುವುದಾದರೆ ಅದು ಸೈನ್ ವೇವ್ ಆಗಿರಬೇಕು, ಅದರ ಗುಂಡಿ ಯುಪಿಎಸ್ ಮೋಡ್‌ನಲ್ಲಿರಬೇಕು.

ಲ್ಯಾಪ್‌ಟಾಪ್‌ನವರು ಚಾರ್ಜರ್ ಹಾಕಿಕೊಂಡೇ ಕೂರಬೇಕು, ಹಾಸಿಗೆಯ ಮೇಲಿಡದೆ ಗಟ್ಟಿ ಹಲಗೆಯ ಮೇಲಿಡಬೇಕು, ಮತ್ತು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುವ ಗ್ರಾಫಿಕ್ಸ್ ಪುಟಕ್ಕೆ ಹೋಗಿ ವ್ಯೂವರ್‌ಗೆ ಹೈ ಪರ್ಫಾರ್ಮೆನ್ಸ್ ಆಯ್ಕೆ ಕೊಡಬೇಕು.

ಆ ಲೋಕದಲ್ಲಿ ಮನೆ, ಗೋಡೆಗಳನ್ನು ನೀವೇ ಕಟ್ಟುವವರಾದರೆ ಹೊರೆ ಇಳಿಸುವುದು ನಿಮ್ಮ ಕೈಯಲ್ಲೂ ಇದೆ. ಆ ಹುಡುಗಿ ಇಂಥ ಲೋಕವನ್ನು ನಮ್ಮ ಕಂಪ್ಯೂಟರಿನಲ್ಲೇ ನಡೆಸಬಲ್ಲ ಓಪನ್‌ಸಿಮ್ಯುಲೇಟರ್ ತಂತ್ರಾಂಶವನ್ನು ಮನೆಯ ಯಂತ್ರದಲ್ಲೇ ನಡೆಸಿಕೊಂಡು, ಒರೆಗಾನ್‌ನ ಪಿಂಗ್‌ನ ಹಂಗಿಲ್ಲದೆ, ಚಿತ್ರದುರ್ಗದ ಕಲ್ಲಿನ ಕೋಟೆಯ ಒಂದು ಬಾಗಿಲನ್ನು ಕಟ್ಟುತ್ತಿದ್ದಳು. ಪ್ರತಿ ಬಂಡೆಗೂ ಬೇರೆ ಬೇರೆ ಫೋಟೊ ಹಾಕಿ ನಲವತ್ತು ಟೆಕ್ಸ್ಚರ್ ಬಳಸಿದ್ದಳು. ಲೆಕ್ಕ ಹಾಕಿದರೆ 160 ಎಂಬಿ. ನಾಲ್ಕೇ ಫೋಟೊಗಳನ್ನು ಉಳಿಸಿಕೊಂಡು, ತಿರುಗಿಸಿ, ಹಿಗ್ಗಿಸಿ, ಬಣ್ಣದ ಛಾಯೆ ಕೊಂಚ ಬದಲಿಸಿ ಅದೇ ಗೋಡೆಯನ್ನು ಮತ್ತೆ ಕಟ್ಟಿದಳು. ಒಂದೇ ಟೆಕ್ಸ್ಚರ್ ಎಷ್ಟು ಕಲ್ಲಿಗೆ ಬಳಕೆಯಾದರೂ ಮೆಮೊರಿಯಲ್ಲಿ ಒಮ್ಮೆ ಮಾತ್ರ ಕೂರುವುದರಿಂದ ಈಗ ಬೇಕಾದದ್ದು 16 ಎಂಬಿ. ಮೆಶ್, ಅಂದರೆ ತ್ರಿಕೋನಗಳಿಂದ ಕಟ್ಟಿದ ಆಕೃತಿ, ಏರಿಸುವಾಗ ದೂರಕ್ಕೆ ತಕ್ಕ ನಾಲ್ಕು ಹಂತದ ರೂಪಗಳಲ್ಲಿ ಕೆಳಗಿನ ಎರಡನ್ನು ತಾನೇ ಕೈಯಾರೆ ಸರಳಗೊಳಿಸಿದಳು. ಹಳೆಯ ಗೋಡೆಯನ್ನು ಅಳೆದಿದ್ದ ಜಾಗದಲ್ಲೇ ನಿಂತು, ನಡುಹಗಲಿನ ಆಕಾಶ ಹಾಕಿ, ಮೂರು ನಿಮಿಷ ಕಾದು ಹೊಸ ಸಂಖ್ಯೆಯನ್ನು ಹಳೆಯದರ ಪಕ್ಕದಲ್ಲಿ ಬರೆದುಕೊಂಡಳು. ಆಮೇಲೆ ‘ಸರ್, ಎರಡನೇ ಬಾಗಿಲಿಗೂ ಇವೇ ನಾಲ್ಕು ಕಲ್ಲು ಸಾಕಲ್ವಾ?’ ಎಂದು ಕೇಳಿದಳು. ಸಾಕು ಎಂದೆ.