ವೀರಗಲ್ಲಿನಲ್ಲಿ ಬಂದೂಕು

ಗಡಿಯಲ್ಲಿ ಮಡಿದ ತಮ್ಮೂರ ಹುಡುಗನಿಗೆ ವೀರಗಲ್ಲು ಕೆತ್ತಿಕೊಡಿ ಎಂದು ಕೆಲವರು ನನ್ನ ಶೆಡ್ಡಿಗೆ ಬಂದರು. ಪುತ್ಥಳಿ ಬೇಡ, ವೀರಗಲ್ಲೇ ಬೇಕು. ಊರ ಕೆರೆ ಏರಿ ಮೇಲೆ ಹಳೆಯದೊಂದಿದೆಯಂತೆ. "ಅದರ ಪಕ್ಕದಲ್ಲಿ ನಮ್ಮವನೂ ನಿಲ್ಲಲಿ" ಎಂದರು ಹುಡುಗನ ಅಪ್ಪ.

ದೇವರ ವಿಗ್ರಹ ಕೆತ್ತಿ ಪಳಗಿದ ಕೈ ನನ್ನದು. ವೀರಗಲ್ಲು ಇದೇ ಮೊದಲು. ಹೋಗಿ ಆ ಹಳೆಯ ಕಲ್ಲಿನ ಮುಂದೆ ಅರ್ಧ ದಿನ ಕೂತೆ. ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈಮುಗಿದು ಕೂತ ಅದೇ ವೀರ. ನೆತ್ತಿಯಲ್ಲಿ ಸೂರ್ಯ ಚಂದ್ರ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಕಲ್ಲು ಅದು.

ತೊಡಕು ಬಂದದ್ದು ಕೆಳಗಿನ ಹಂತದಲ್ಲಿ. "ಕುದುರೆ ಮೇಲೆ ಕೂರಿಸಿ, ಕೈಗೆ ಕತ್ತಿ ಕೊಡಿ, ಬಂದೂಕು ಕಲ್ಲಿನಲ್ಲಿ ಒಪ್ಪಲ್ಲ" ಎಂದರು ಊರಿನ ಹಿರಿಯರು. ನನಗೆ ಮನಸ್ಸು ಬರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್‌ಗಳ ಕೈಗೆ ಈಟಿ ಕೊಟ್ಟರೆ ಅದು ನಿಜ, ಅವರು ಈಟಿ ಹಿಡಿದ ಕುದುರೆ ಸವಾರರೇ. ಈ ಹುಡುಗ ಕತ್ತಿ ಮುಟ್ಟಿದವನಲ್ಲ. ಹಳೆಯ ಕಲ್ಲುಕುಟಿಗರೂ ನಡೆದದ್ದನ್ನೇ ಕೆತ್ತಿದವರು. ಹತ್ತನೇ ಶತಮಾನದ ಆತಕೂರಿನ ಕಲ್ಲಿನಲ್ಲಿ ಕಾಳಿ ಎಂಬ ನಾಯಿ ಹಂದಿಯ ಮೇಲೆ ಬಿದ್ದು ಕಾದುತ್ತಿದೆ, ಸತ್ತದ್ದು ಹಾಗೆಯೇ.

ಒಂದನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನವರಿಗೂ ಇದೇ ಪ್ರಶ್ನೆ ಎದುರಾಗಿತ್ತು. 1920ರಲ್ಲಿ ಲಂಡನ್ನಿನ ಹಳೆಯ ಚರ್ಚು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅನಾಮಿಕ ಯೋಧನನ್ನು ಮಣ್ಣು ಮಾಡಿದಾಗ ಪೆಟ್ಟಿಗೆಯ ಮೇಲೆ ಅರಸರ ಸಂಗ್ರಹದ ಹಳೆಯ ಕತ್ತಿಯೊಂದನ್ನು ಇಟ್ಟಿದ್ದರು. ಸ್ಲೆಡ್‌ಮಿಯರ್ ಎಂಬ ಹಳ್ಳಿಯ ಸ್ಮಾರಕದಲ್ಲಿ ಸತ್ತವರು ಮಧ್ಯಯುಗದ ಕವಚಧಾರಿ ಸವಾರರಾದ ನೈಟ್‌ಗಳ ಉಡುಪಿನಲ್ಲಿ ಹಿತ್ತಾಳೆ ಫಲಕಗಳ ಮೇಲೆ ನಿಂತಿದ್ದಾರೆ. ನನಗೆ ದಾರಿ ತೋರಿದ್ದು ಮಾತ್ರ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ 1924ರಲ್ಲಿ ಅನಾವರಣವಾದ ಸ್ಮಾರಕದ ಫೋಟೊ. ಕವಚ ತೊಟ್ಟ ನೈಟ್ ಕುದುರೆ ಮೇಲಿದ್ದಾನೆ. ಅವನ ಅಕ್ಕಪಕ್ಕ ಕಂದಕದಿಂದ ಎದ್ದು ಬಂದಂಥ ಕಾಲಾಳುಗಳು, ತಮ್ಮದೇ ಹೆಲ್ಮೆಟ್ಟು ಹಾಕಿಕೊಂಡು ದಣಿದು ನಡೆಯುತ್ತಿದ್ದಾರೆ. ಹಳೆಯದು ಅವರ ಜೊತೆಗಿದೆ, ಅವರನ್ನು ಮುಚ್ಚಿಲ್ಲ.

ಹಾಗಾಗಿ ಬಂದೂಕೇ ಕೆತ್ತಿದೆ. ನಳಿಗೆಯನ್ನು ಬಿಡಿಸಿ ಕೆತ್ತಿದರೆ ಮುರಿಯುತ್ತದೆ, ಎದೆಗೆ ಆನಿಸಿ ಉಬ್ಬುಕೆತ್ತನೆಯಲ್ಲೇ ನಿಲ್ಲಿಸಿದೆ. ಬೂಟಿನ ಲೇಸಿಗೆ ಎರಡು ದಿನ ಹಿಡಿಯಿತು. ಕಡ್ಡಿಗಿಂತ ಸಣ್ಣ ಉಳಿ, ಒಂದು ಏಟು ಹೆಚ್ಚಾದರೆ ಚಕ್ಕೆ ಹಾರುತ್ತದೆ. ಫೋಟೊ ನೋಡಿ ವಾಚನ್ನು ಎಡಗೈಗೆ ಗುರುತು ಮಾಡಿದ್ದೆ. ಅವನ ಅಮ್ಮ ಬಂದು ನೋಡಿ, "ಫೋಟೊದ ದಿನ ಯಾಕೋ ಹಂಗೆ ಕಟ್ಟಿದ್ದ, ಯಾವಾಗಲೂ ಬಲಗೈಗೇ" ಎಂದರು. ಉಳಿ ಇಟ್ಟಿರಲಿಲ್ಲ, ಬದಲಾಯಿಸಿದೆ.

ನನ್ನನ್ನು ಬಹಳ ಕಾಡಿದ್ದು ಎದುರಾಳಿ. ಹಳೆಯ ಕಲ್ಲಿನಲ್ಲಿ ವೈರಿ ಮುಖಾಮುಖಿ ಇರುತ್ತಾನೆ. ಈ ಹುಡುಗ ಸತ್ತದ್ದು ನೆಲಬಾಂಬಿಗೆ. ಯಾರನ್ನು ಕೆತ್ತಲಿ? ಬಂದೂಕಿನ ಮುಂದಿನ ಜಾಗವನ್ನು ಬರೀ ನಯ ಮಾಡಿ ಖಾಲಿ ಬಿಟ್ಟೆ. ಊರಿನವರು ಒಪ್ಪಲಿಕ್ಕಿಲ್ಲ ಅಂದುಕೊಂಡಿದ್ದೆ. ಯಾರೂ ಕೇಳಲೇ ಇಲ್ಲ, ಎಲ್ಲರಿಗೂ ಗೊತ್ತಿತ್ತು.

ನಡುವಿನ ಹಂತಕ್ಕೆ ಹೆಲಿಕಾಪ್ಟರ್ ಕೆತ್ತಿ ಎಂದ ಅವನ ಗೆಳೆಯನೊಬ್ಬ. ಬೆಟ್ಟದಿಂದ ದೇಹ ಇಳಿಸಿದ್ದು ಅದೇ. ಅಪ್ಪ ತಲೆಯಾಡಿಸಿದರು. "ಅದು ಅವನನ್ನ ಕೆಳಗೆ ತಂತು. ಮೇಲಕ್ಕೆ ಅಪ್ಸರೆಯರೇ ಕರಕೊಂಡು ಹೋಗಲಿ." ಅಲ್ಲಿಂದ ಮೇಲೆ ಎಲ್ಲವನ್ನೂ ಹಳೆಯ ಕಲ್ಲಿನಂತೆಯೇ ಕೆತ್ತಿದೆ, ಒಂದು ಗೆರೆಯನ್ನೂ ಬದಲಿಸಲಿಲ್ಲ.

ಕಲ್ಲು ನೆಟ್ಟ ದಿನ ಅಮ್ಮ ಅರಿಸಿನ ಕುಂಕುಮ ತಂದಿದ್ದರು. ಮೊದಲು ಹಳೆಯ ಕಲ್ಲಿಗೆ ಹಚ್ಚಿದರು, ಆಮೇಲೆ ಮಗನ ಕಲ್ಲಿಗೆ.